ಕೆಚ್ಚಿನ ಕುಚ್ಚುಗಳು

"ಇಳಕಲ್ಲಿನ ಹೆಂಗಸರಿಗೆ ಬಾಯೇ ಇಲ್ಲ ಅಂತ ಹೇಳಾಕತ್ತೈತಿ ನೋಡ್ರಿ ನಿಮ್ಮ ಪೆಟಿಗಿ," ಎಂದರು ಡಾಕ್ಟರ್ ಕಟಗೇರಿ, ಕನ್ನಡಕವನ್ನು ಹಣೆಯ ಮೇಲಕ್ಕೆ ಸರಿಸುತ್ತ.

ಕಸ್ತೂರಿಗೆ ನಗು ಬಂತು. ಹದಿನೆಂಟು ವರ್ಷ ಅದೇ ಹೆಂಗಸರ ನಡುವೆ, ಅದೇ ನೇಕಾರರ ಓಣಿಯಲ್ಲಿ ಬೆಳೆದವಳು ಅವಳು. ಆ ಓಣಿಯಲ್ಲಿ ಏನಿಲ್ಲದಿದ್ದರೂ ಬಾಯಿಗಂತೂ ಎಂದೂ ಕೊರತೆಯಿರಲಿಲ್ಲ. ಆದರೆ ಪರದೆಯ ಮೇಲಿನ ಅಂಕಿಗಳನ್ನು ನೋಡಿದಾಗ ನಗು ತಾನಾಗಿ ನಿಂತಿತು. ಇಳಕಲ್ಲಿಗೆ ಅವಳು ಕಳಿಸಿದ್ದ ಪರೀಕ್ಷಾ ಪೆಟ್ಟಿಗೆ ಇನ್ನೂರ ಹನ್ನೆರಡು ಮಂದಿಯ ಉಗುಳನ್ನು ನೋಡಿತ್ತು. ಅವರಲ್ಲಿ ನೂರ ತೊಂಬತ್ತಾರು ಮಂದಿಯ ಹೆಸರಿನ ಮುಂದೆ ಸೊನ್ನೆ. ಕಡಿಮೆ ಅಲ್ಲ, ಸೊನ್ನೆ. ಪಟ್ಟಿಯ ನಡುವೆ ಎಲ್ಲೋ ಒಂದು ಸಾಲು: ಸಕ್ರವ್ವ, ವಯಸ್ಸು ಐವತ್ತೇಳು, ಸೊನ್ನೆ.

ಸಕ್ರವ್ವ ಕಸ್ತೂರಿಯ ದೊಡ್ಡವ್ವ. ತಾಯಿ ತೀರಿಕೊಂಡಾಗ ನಾಲ್ಕು ವರ್ಷದವಳಾಗಿದ್ದ ಕಸ್ತೂರಿಯನ್ನು, ನೇಯುವವರು ಕಾಲಿಳಿಸಿ ಕೂರುವ ಮಗ್ಗದ ಕುಣಿಯ ಪಕ್ಕದಲ್ಲಿ ಕೂರಿಸಿಕೊಂಡು ಸಾಕಿದವಳು.

ಧಾರವಾಡದ ಆ ಪ್ರಯೋಗಾಲಯದಲ್ಲಿ ಎಲ್ಲವೂ ಒಂದೇ ಪ್ರೋಟೀನಿನ ಸುತ್ತ ನಡೆಯುತ್ತಿತ್ತು. ಸಂಶೋಧನಾ ಪತ್ರಿಕೆಗಳಲ್ಲಿ ಅದಕ್ಕೆ ಮೂರು ಅಕ್ಷರ, ಎರಡು ಅಂಕಿಗಳ ಹೆಸರಿತ್ತು. ಕಟಗೇರಿಯವರು ಇಟ್ಟ ಹೆಸರು ಸಡಿಲಿ. ಪೆಟ್ಟಿಗೆ ಉಗುಳಿನಲ್ಲಿ ಅಳೆಯುತ್ತಿದ್ದದ್ದು ಅದನ್ನೇ. ಕೆನ್ನೆಯ ಒಳಗೋಡೆಯ ಜೀವಕೋಶಗಳು ಒಂದನ್ನೊಂದು ಸಣ್ಣ ಸಣ್ಣ ಕೊಂಡಿಗಳಿಂದ ಹಿಡಿದುಕೊಂಡಿರುತ್ತವೆ. ಬಿಸಿ ಚಹಾದಿಂದಲೋ ಹಲ್ಲಿನ ಚೂಪಿನಿಂದಲೋ ಅಲ್ಲೊಂದು ಗಾಯವಾದರೆ, ದಂಡೆಯ ಕೋಶಗಳು ಸಡಿಲಿಯನ್ನು ತಯಾರಿಸುತ್ತವೆ. ಅದು ಕೊಂಡಿಗಳನ್ನು ಬಿಚ್ಚುತ್ತದೆ. ಬಿಡುಗಡೆಯಾದ ಕೋಶಗಳು ಗಾಯದ ಮೇಲೆ ತೆವಳಿಕೊಂಡು ಹೋಗುತ್ತವೆ. ಎರಡು ದಂಡೆಯವು ಎದುರಾಗಿ ಬಂದು ತಾಗಿದಾಗ, ಆ ಸ್ಪರ್ಶವೇ 'ಸಾಕು' ಎನ್ನುವ ಮಾತು. ಸಡಿಲಿ ಕೆಲಸ ನಿಲ್ಲಿಸುತ್ತದೆ, ಕೊಂಡಿಗಳು ಮತ್ತೆ ಕೂಡುತ್ತವೆ.

ಬಾಯಲ್ಲಿ ದಿನವೂ ತಂಬಾಕು, ಸುಣ್ಣ ಇದ್ದರೆ ಗಾಯ ಮುಚ್ಚುವುದೇ ಇಲ್ಲ. 'ಸಾಕು' ಎನ್ನುವ ಮಾತು ಬರುವುದೇ ಇಲ್ಲ. ಸಡಿಲಿ ವರ್ಷಗಟ್ಟಲೆ ಬಿಚ್ಚುತ್ತಲೇ ಇರುತ್ತದೆ. ಕೊನೆಗೊಂದು ದಿನ, ನಿಲ್ಲುವುದನ್ನೇ ಮರೆತ ಕೋಶಗಳು ತಮ್ಮ ಪದರದ ಕೆಳಗಿನ ನೆಲವನ್ನೂ ದಾಟಿ ಒಳಕ್ಕೆ ಇಳಿಯುತ್ತವೆ. ಅಲ್ಲಿಂದ ಮುಂದೆ ಅದರ ಹೆಸರು ಕ್ಯಾನ್ಸರ್.

"ಸಡಿಲಿ ಖಳನಾಯಕ ಅಲ್ರಿ," ಎಂದು ಕಟಗೇರಿ ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರು. "ಪಾಪ, ಕೂಲಿ ಆಳು. ಸಂಜಿ ಆತು, ಮನಿಗೆ ಹೋಗು ಅಂತ ಯಾರೂ ಹೇಳಿಲ್ಲ, ಅಷ್ಟ."

ಮನೆಗೆ ಹೋಗು ಎಂದು ಹೇಳುವುದಕ್ಕೇ ಅವರು ಒಂದು ಪದರವನ್ನು ಮಾಡಿದ್ದರು. ಹಪ್ಪಳದ ಚೂರಿನಷ್ಟು ತೆಳು, ಉಗುರಿನಷ್ಟು ಅಗಲ. ಕೆನ್ನೆಯ ಒಳಗೆ ಅಂಟಿಸಿದರೆ ಎರಡು ಗಂಟೆಯಲ್ಲಿ ಕರಗುತ್ತದೆ. ಕರಗುತ್ತ ಕೋಶಗಳಿಗೆ ಆ ಸ್ಪರ್ಶದ ಸುಳುಹನ್ನು ಕೊಡುತ್ತದೆ. ಆದರೆ ಒಂದು ಕಟ್ಟುನಿಟ್ಟು ಇತ್ತು. ಮೊದಲ ವರ್ಷ, ಹಲ್ಲು ಕೀಳಿಸಿಕೊಂಡು ವಾರವೂ ಆಗಿರದ ಒಬ್ಬ ಮಾಸ್ತರರಿಗೆ ಅದನ್ನು ಹಾಕಿಬಿಟ್ಟಿದ್ದರು. ಅವರ ಬಾಯಲ್ಲಿ ಏರಿದ್ದ ಸಡಿಲಿ ಹೊಸ ಗಾಯದ್ದು, ಮಾಡಬೇಕಾದ ಕೆಲಸವನ್ನೇ ಮಾಡುತ್ತಿದ್ದದ್ದು. ಪದರ ಅದನ್ನು ನಿಲ್ಲಿಸಿತು. ಎಪ್ಪತ್ತು ದಿನ ಗಾಯ ಮುಚ್ಚಲಿಲ್ಲ. ಅಂದಿನಿಂದ ನಿಯಮ: ಆರು ತಿಂಗಳು ಬಿಡದೆ ಸಡಿಲಿ ಏರಿಯೇ ಇದೆ ಎಂದು ಸಾಬೀತಾದವರಿಗೆ ಮಾತ್ರ ಪದರ.

"ಸೊನ್ನಿ ಬಂದವರಿಗೆ ಹೆಂಗ ಕೊಡಾಕ ಬರ್ತೈತಿ?" ಎಂದರು ಕಟಗೇರಿ. "ಹಸುಗೂಸಿನ ಬಾಯಾಗೂ ಒಂದೆರಡು ಅಂಕಿ ಸಡಿಲಿ ಇರ್ತೈತಿ. ನಿಮ್ಮ ಊರಾಗ ಏನೋ ಆಗೇತಿ. ಹೋಗಿ ನೋಡಿ ಬರ್ರಿ."

ಕಸ್ತೂರಿಗೆ ಹೋಗಲು ಇನ್ನೊಂದು ಕಾರಣವಿತ್ತು. ನಾಗರ ಪಂಚಮಿಗೆ ಹೋದಾಗ ಕಂಡದ್ದು. ದೊಡ್ಡವ್ವ ಖಡಕ್ ರೊಟ್ಟಿಯನ್ನು ಮುರಿದು ಬಾಯಿಗೆ ಹಾಕಿಕೊಂಡವಳು, ನಾಲಿಗೆಯಿಂದ ಅದನ್ನು ಮೆಲ್ಲಗೆ ಬಲಗಡೆಗೆ ಸರಿಸಿ ಅಗಿದಿದ್ದಳು. ಪ್ರತಿ ತುತ್ತನ್ನೂ.

* * *

ಸಕ್ರವ್ವ ಕೆಚ್ಚಲು ಕೂತಿದ್ದಳು. ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳ ಒಂದು ಹಾಸು ನೇಯ್ದು ಮುಗಿದಾಗ ಅದರ ಕೊನೆಯ ಎಳೆಗಳನ್ನು ಮಗ್ಗದಲ್ಲೇ ಉಳಿಸಿಕೊಳ್ಳುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಅದರ ಜೋಡಿಯಾದ ಹಳೆಯ ಎಳೆಗೆ ಕೂಡಿಸಬೇಕು. ಮೂರು ಸಾವಿರಕ್ಕೂ ಹೆಚ್ಚು ಎಳೆ. ಗಂಟು ಹಾಕುವಂತಿಲ್ಲ, ಗಂಟಾದರೆ ಎಳೆಗಳನ್ನು ಬಾಚುವ ಫಣಿಯ ಹಲ್ಲುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಬೆರಳ ತುದಿಯನ್ನು ನಾಲಿಗೆಗೆ ತಾಗಿಸಿ, ಬೂದಿಯಲ್ಲಿ ಅದ್ದಿ, ಎರಡು ಎಳೆಗಳನ್ನು ಜೋಡಿಸಿ ಒಂದು ಹೊಸೆತ. ಅದೇ ಕೆಚ್ಚು. ಸಕ್ರವ್ವನ ಕೈಯಲ್ಲಿ ಅದು ಕಣ್ಣಿಗೆ ಕಾಣದಷ್ಟು ಬೇಗ ಆಗುತ್ತಿತ್ತು.

"ಬಾಯಿ ತಗಿ ದೊಡ್ಡವ್ವ," ಎಂದಳು ಕಸ್ತೂರಿ, ಚೀಲ ಇಳಿಸುವ ಮೊದಲೇ.

"ನೋಡ, ಇಲ್ಲಿ ಇರೂ ತನಕಾ ನನಗ ಬಾಯಿ ಮುಚ್ಚ ಬಾಯಿ ಮುಚ್ಚ ಅಂತಿದ್ಲು. ಈಗ ಬಂದ ಕೂಡ್ಲೇ ಬಾಯಿ ತಗಿ ಅಂತಾಳ." ಸಕ್ರವ್ವ ಕೈ ನಿಲ್ಲಿಸಲಿಲ್ಲ. "ಮೊದ್ಲ ಕಾಲ ತೊಳಕೋ. ಝುಣಕ ಮಾಡೇನಿ."

"ಎಡಗಡೆ ಯಾಕ ಅಗಿಯಂಗಿಲ್ಲ ನೀ?"

"ಹಲ್ಲ ಅಳ್ಳಾಡತೈತಿ."

"ಹಲ್ಲೋ ಕೆನ್ನೆಯೋ?"

ಸಕ್ರವ್ವನ ಎಡಗೆನ್ನೆಯಲ್ಲಿ ತಂಬಾಕಿನ ಉಂಡೆ ಸಣ್ಣ ನೆಲ್ಲಿಕಾಯಿಯಂತೆ ಉಬ್ಬಿತ್ತು. ಅದನ್ನು ಬಿಡಿಸಲು ಕಸ್ತೂರಿ ವರ್ಷಗಟ್ಟಲೆ ಜಗಳವಾಡಿದ್ದಳು. ಪ್ರತಿ ಸಲವೂ ಒಂದೇ ಮಾತು: "ಬಾಯಿ ಒಣಗಿದ್ರ ಕೆಚ್ಚ ಹಿಡೀತೈತೇನ? ಮೂರ ಸಾವಿರ ಎಳಿಗೆ ಉಗುಳ ನೀ ಕೊಡ್ತೀಯೇನ?" ಮೊದಮೊದಲು ಅದು ನೆಪ ಎಂದುಕೊಂಡಿದ್ದಳು. ಆಮೇಲೆ ಗೊತ್ತಾಯಿತು, ಓಣಿಯ ಹೆಂಗಸರೆಲ್ಲ ತಂಬಾಕು ಹಿಡಿದದ್ದು ಕೆಚ್ಚು ಕಲಿತ ವಯಸ್ಸಿನಲ್ಲೇ. ಅದು ಚಟವಾಗುವ ಮೊದಲು ಮಗ್ಗದ ಸಲಕರಣೆಯಾಗಿತ್ತು.

ಅಷ್ಟರಲ್ಲಿ ಹಸೀನಾ ಬಂದಳು. ಓಣಿಯ ಆಶಾ ಕಾರ್ಯಕರ್ತೆ. ಉಗುಳು ಸಂಗ್ರಹಿಸಿ ಪೆಟ್ಟಿಗೆಗೆ ಹಾಕಿದವಳು ಅವಳೇ. ಕಂಕುಳಲ್ಲಿ ಪೆಟ್ಟಿಗೆ ಇತ್ತು. ಎಲೆಅಡಿಕೆಯ ಡಬ್ಬಿಗಿಂತ ಸ್ವಲ್ಪ ದೊಡ್ಡದು.

"ಕಸ್ತೂರಕ್ಕಾ, ನನ್ನ ತಪ್ಪೇನೂ ಇಲ್ಲ ನೋಡ್ರಿ. ನೀವ ಹೇಳಿದಂಗ ಮಾಡೇನಿ."

"ನನ್ನ ಎದುರಿಗೆ ಒಮ್ಮೆ ಮಾಡಿ ತೋರಿಸು. ದೊಡ್ಡವ್ವಂದ ತಗೋ."

ಹಸೀನಾ ನಳಿಗೆ ತೆಗೆದಳು. ಸಕ್ರವ್ವ ಎದ್ದಳು, ಸೀರೆ ಕೊಡವಿಕೊಂಡಳು, ಸೀದಾ ಬಚ್ಚಲಿಗೆ ನಡೆದಳು. ಬಾಯಿ ಮುಕ್ಕಳಿಸಿದ ಸದ್ದು ಬಂತು. ಒಂದು ಸಲ. ಎರಡು ಸಲ. ಮೂರು ಸಲ.

"ಏನ ಮಾಡಾಕತ್ತೀ ದೊಡ್ಡವ್ವ?"

"ಉಪ್ಪನೀರ ಹಾಕಿ ಬಾಯಿ ತೊಳಕೊಂಡೆ," ಸಕ್ರವ್ವ ಸೆರಗಿನಿಂದ ತುಟಿ ಒರೆಸುತ್ತ ಬಂದಳು. "ಎಂಜಲಾನ ಎತ್ತಿ ಮಂದಿ ಕೈಯಾಗ ಹಂಗ ಇಡಾಕ ಬರ್ತೈತೇನ? ಡಾಕ್ಟರ ಮುಟ್ಟತಾರ, ಇನ್ನಾರೋ ಮುಟ್ಟತಾರ. ಅವರಿಗೂ ಮನಿ ಮಠ ಐತಿ."

ಕಸ್ತೂರಿ ಹಸೀನಾಳ ಮುಖ ನೋಡಿದಳು. ಹಸೀನಾ ನಳಿಗೆಯನ್ನು ನೋಡುತ್ತಿದ್ದಳು.

"ಎಲ್ಲಾರೂ ಹಿಂಗ ಹಿತ್ತಲಿಗೆ ಹೋಗಿ ಬರ್ತಿದ್ರು ಅಕ್ಕಾ," ಎಂದಳು ಮೆಲ್ಲಗೆ. "ಹಿತ್ತಲಿಗೆ ಹೋದಾಕಿನ್ನ ಯಾಕ ಹೋಗಿದ್ದಿ ಅಂತ ಹೆಂಗ ಕೇಳ್ಲಿ?" ಆಮೇಲೆ ಸೇರಿಸಿದಳು, "ನಾನೂ ಮುಕ್ಕಳಿಸೇ ಕೊಟ್ಟೇನಿ. ಧಾರವಾಡದ ತನಕಾ ಹೋಗತೈತಿ ಅಂದ್ರ..."

ಹಾಗಾದರೆ ಸೊನ್ನೆ ಬಾರದ ಆ ಹದಿನಾರು ಮಂದಿ ಯಾರು? ಪಟ್ಟಿ ತೆಗೆದು ಓದಿದಾಗ ಹಸೀನಾಳೇ ಹೇಳಿದಳು. ಎಲ್ಲರೂ ಹಾಸಿಗೆ ಹಿಡಿದವರು. ಬಚ್ಚಲ ತನಕ ಎದ್ದು ಹೋಗಲಾರದವರು.

ಮುಕ್ಕಳಿಸಿದ ಬಾಯಲ್ಲಿ ಹೊಸದಾಗಿ ಊರುವ ಉಗುಳು ಬರಿ ನೀರು. ಕೆನ್ನೆಯಿಂದ ಸಡಿಲಿ ಇಳಿದು ಅದರಲ್ಲಿ ಬೆರೆಯಲು ಎರಡು ಗಂಟೆ ಬೇಕು. ಇದನ್ನು ಕಸ್ತೂರಿ ತನ್ನ ಪ್ರಬಂಧದಲ್ಲೇ ಬರೆದಿದ್ದಳು. ಆದರೆ ಚಿಕ್ಕಂದಿನಲ್ಲಿ ತಂಬಿಗೆಯನ್ನು ತುಟಿಗೆ ತಾಗಿಸಿದ್ದಕ್ಕೆ ಇದೇ ಮನೆಯಲ್ಲಿ ಏಟು ತಿಂದಿದ್ದು ಅವಳಿಗೆ ನೆನಪಾಗಿರಲಿಲ್ಲ. ಹನ್ನೆರಡು ವರ್ಷದ ನಳಿಗೆ, ಕೈಗವಸುಗಳ ನಡುವೆ ಎಂಜಲು ಎನ್ನುವ ಮಾತೇ ಅವಳಿಂದ ಉದುರಿಹೋಗಿತ್ತು. ಆ ಹೆಂಗಸರು ಮಾಡಿದ್ದು ಅಡ್ಡಿಯಲ್ಲ, ಮರ್ಯಾದೆ. ಧಾರವಾಡದ ಡಾಕ್ಟರಿಗೆ, ಅಂದರೆ ತನಗೇ ತೋರಿಸಿದ ಮರ್ಯಾದೆ.

ಎರಡು ಗಂಟೆ ಕಾಯ್ದರು. ಸಕ್ರವ್ವ ಮುಖ ಗಂಟಿಕ್ಕಿಕೊಂಡೇ ನಳಿಗೆಗೆ ಉಗುಳಿದಳು. ಎಂಟು ನಿಮಿಷಕ್ಕೆ ಪೆಟ್ಟಿಗೆ ಅಂಕಿ ತೋರಿಸಿತು. ಐದರೊಳಗೆ ಇರಬೇಕಾದದ್ದು ನಲವತ್ತಾರು.

ಆಮೇಲೆ ಸಕ್ರವ್ವ ಬಾಯಿ ತೆರೆದಳು. ಎಡಗೆನ್ನೆಯ ಒಳಗೆ, ಉಂಡೆ ಕೂರುತ್ತಿದ್ದ ಜಾಗದಲ್ಲಿ, ಹಾಲಿನ ಕೆನೆಯಂಥ ಬಿಳಿ ಮಚ್ಚೆ. ಅದರ ಅಂಚಿಗೆ ಕೆಂಪು.

* * *

ಬಾಗಲಕೋಟೆಯ ದಂತವೈದ್ಯರು ಮಚ್ಚೆಯ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹತ್ತು ದಿನಕ್ಕೆ ವರದಿ ಬಂತು. ಕೋಶಗಳ ರೂಪ ಕೆಟ್ಟಿದೆ, ಆದರೆ ಇನ್ನೂ ನೆಲ ದಾಟಿಲ್ಲ. ದಾಟುವುದು ಯಾವಾಗ ಎಂದು ಯಾರೂ ಹೇಳಲಾರರು. ಎರಡು ತಿಂಗಳೂ ಆಗಬಹುದು, ಎರಡು ವರ್ಷವೂ ಆಗಬಹುದು. ಕೆನ್ನೆಯ ಒಳಪದರವನ್ನು ಅಗಲವಾಗಿ ಕತ್ತರಿಸಿ ತೆಗೆಯುವುದು ಒಂದು ದಾರಿ. ಹಾಗೆ ಮಾಡಿದರೆ ಬಾಯಿ ಮೊದಲಿನಷ್ಟು ತೆರೆಯುವುದಿಲ್ಲ.

ಕಸ್ತೂರಿ ಕಟಗೇರಿಯವರಿಗೆ ಫೋನು ಮಾಡಿದಳು.

"ಪದರ ಕೊಡ್ರಿ ಸರ್. ವರದಿ ಐತಿ, ಅಂಕಿ ಐತಿ."

"ಒಂದ ಅಂಕಿ ಐತಿ," ಎಂದರು ಅವರು. "ಚೂರು ತಗಸಿಕೊಂಡು ಹತ್ತು ದಿನ ಆಗೇತಿ. ಅಲ್ಲಿ ಹೊಸಾ ಗಾಯ ಇರ್ತೈತಿ. ನಲವತ್ತಾರರಾಗ ಹಳೇ ಕಾಯಿಲೆ ಎಷ್ಟು, ಹಲ್ಲ ಚುಚ್ಚಿದ್ದ ಎಷ್ಟು, ನಿಮಗ ಗೊತ್ತೇನ್ರಿ? ನಾ ಆ ಮಾಸ್ತರ್ ಮನಿಗೆ ಎಪ್ಪತ್ತ ದಿನ ಹೋಗಿ ಬಂದೇನಿ ಕಸ್ತೂರಿ. ಗಂಜಿ ಕುಡೀತಿದ್ರು, ಅಳತಿದ್ರು. ಇವತ್ತಿನಿಂದ ಆರು ತಿಂಗಳು ಅಂಕಿ ತಗೊಳ್ರಿ. ಆಮ್ಯಾಲ ಮೊದಲ ಪದರ ನಿಮ್ಮ ದೊಡ್ಡವ್ವಗ."

"ಆರು ತಿಂಗಳು ತಡೀತೈತೇನ್ರಿ ಅದು?"

"ನಿಮ್ಮವರು ಅಂತ ನಿಯಮ ಮುರದ್ರ, ಮುಂದಿನ ಮಾಸ್ತರ್ ಯಾರೋ ಇನ್ನೊಬ್ಬರ ಮನ್ಯಾಗ ಇರ್ತಾರ."

ಅವರು ಹೇಳಿದ್ದು ಸರಿ ಎಂದು ಕಸ್ತೂರಿಗೆ ಗೊತ್ತಿತ್ತು. ಅದೇ ಕಷ್ಟವಾಗಿತ್ತು.

ಫೋನು ಇಟ್ಟು ಒಳಗೆ ಬಂದಾಗ ಸಕ್ರವ್ವ ಮತ್ತೆ ಕೆಚ್ಚಲು ಕೂತಿದ್ದಳು. ಗಾಯ ಇನ್ನೂ ಹಸಿಯಾಗಿದ್ದರಿಂದ ಬಾಯಲ್ಲಿ ತಂಬಾಕಿರಲಿಲ್ಲ. ಉಗುಳಿಲ್ಲದೆ ಕೈ ನಿಧಾನವಾಗಿತ್ತು. ಆದರೂ ಬೆರಳು ನಾಲಿಗೆಗೆ ಹೋಗುತ್ತಿತ್ತು, ಬೂದಿಗೆ ಹೋಗುತ್ತಿತ್ತು, ಎಳೆಗೆ ಹೋಗುತ್ತಿತ್ತು.

ಕಸ್ತೂರಿಗೆ ಎಲ್ಲಿದ್ದ ಸಿಟ್ಟೋ ಬಂತು. "ಮಗ್ಗಕ್ಕ ಕೂಡೂ ಮೊದ್ಲ ಬಾಯಿ ಮುಕ್ಕಳಿಸಂಗಿಲ್ಲೇನ? ಎಂಜಲಾ ಆಗಂಗಿಲ್ಲೇನ?"

"ಮಗ್ಗಕ್ಕ ಎಂಜಲಾ ಎಲ್ಲೈತೆವ್ವ," ಎಂದಳು ಸಕ್ರವ್ವ, ಸಿಟ್ಟನ್ನು ಗಮನಿಸದವಳಂತೆ. "ಹಂಗ ಲೆಕ್ಕಾ ಹಿಡದ್ರ ಬನಶಂಕರಿಗೆ ಉಡಸಾಕ ಒಂದ ಸೀರಿ ಸಿಗಂಗಿಲ್ಲ. ಎಲ್ಲಾ ನಮ್ಮ ಬಾಯಾಗ ಹಾದ ಬಂದದ್ದ."

ಕಸ್ತೂರಿಯ ಕಣ್ಣು ಗೋಡೆಯ ಕಡೆ ಹೋಯಿತು.

ಮಗ್ಗದ ಮೇಲಿನ ಗೂಟದಿಂದ ಒಂದು ಉದ್ದನೆಯ ದಾರ ತೂಗುತ್ತಿತ್ತು. ಅದರಲ್ಲಿ ಒಂದರ ಕೆಳಗೊಂದು ನೂಲಿನ ಕುಚ್ಚುಗಳು. ಕೆಂಪು, ಹಸಿರು, ಕಪ್ಪು, ಕುಂಕುಮದ ಬಣ್ಣ. ಹೊಸ ಹಾಸು ಕೆಚ್ಚಿ ಮುಗಿದ ಮೇಲೆ, ಕೆಚ್ಚುಗಳ ಸಾಲನ್ನು ಫಣಿಯಿಂದ ಮುಂದಕ್ಕೆ ಎಳೆದು ಕತ್ತರಿಸಿ ತೆಗೆಯುತ್ತಾರೆ. ಅದು ಸೀರೆಯಲ್ಲಿ ಸೇರುವುದಿಲ್ಲ. ಬಾಯಿಯ ನೀರು ಬಿದ್ದದ್ದು ಎಂದು ಅದನ್ನು ತುಳಿಯುವುದಿಲ್ಲ, ಸುಡುವುದಿಲ್ಲ. ಆ ಓಣಿಯಲ್ಲಿ ಅದನ್ನು ಕುಚ್ಚು ಕಟ್ಟಿ ದಾರಕ್ಕೆ ಪೋಣಿಸುತ್ತಿದ್ದರು. ಮನೆಯ ಮಗಳ ಮದುವೆಗೆ ಎಲ್ಲ ಕುಚ್ಚುಗಳನ್ನೂ ಬಿಚ್ಚಿ ಒಂದು ದಿಂಬು ತುಂಬಿ ಕೊಡುವುದು ಪದ್ಧತಿ. ಸಕ್ರವ್ವನಿಗೆ ಹೆಣ್ಣುಮಕ್ಕಳಿರಲಿಲ್ಲ. ಈ ದಾರ ಕಸ್ತೂರಿಯದು. ಅವಳು ಧಾರವಾಡಕ್ಕೆ ಓದಲು ಹೋದ ವರ್ಷ ಶುರುವಾದದ್ದು. ಮದುವೆಯ ಮಾತು ತೆಗೆದಾಗಲೆಲ್ಲ ಕಸ್ತೂರಿ ಬಸ್ಸಿನ ಹೊತ್ತಾಯಿತು ಎನ್ನುತ್ತಿದ್ದಳು. ದಾರ ಉದ್ದವಾಗುತ್ತಲೇ ಹೋಗಿತ್ತು.

ತಿಂಗಳಿಗೆ ಒಂದು ಹಾಸು. ಪ್ರತಿ ಹಾಸಿಗೂ ಒಂದು ಕುಚ್ಚು. ಪ್ರತಿ ಯುಗಾದಿಗೆ ಗುರುತಿಗೆಂದು ಒಂದು ಹಳದಿ ದಾರದ ಗಂಟು. ಒಂದೊಂದು ಕುಚ್ಚಿನಲ್ಲೂ, ಆಯಾ ತಿಂಗಳಲ್ಲಿ ಮುಕ್ಕಳಿಸದ ಬಾಯಿಯಿಂದ ಬಂದ ಉಗುಳು. ಅದರ ಮೇಲೆ, ಎಳೆ ಗಟ್ಟಿಯಾಗಲೆಂದು ಹಾಸಿಗೆ ಸವರಿದ ಗಂಜಿಯ ತೆಳು ಲೇಪ. ಒಣಗಿದ ಗಂಜಿ ಮುಚ್ಚಿದ ಪ್ರೋಟೀನು ಬಿಸಿಲು ನೀರು ತಾಗದಿದ್ದರೆ ಎಷ್ಟು ಕಾಲ ಉಳಿಯಬಹುದು? ಯಾರೂ ನೋಡಿರಲಿಲ್ಲ. ನೋಡುವ ಕಾರಣ ಯಾರಿಗೂ ಬಂದಿರಲಿಲ್ಲ.

"ದೊಡ್ಡವ್ವ, ಆ ದಾರ ಕೊಡು."

ಸಕ್ರವ್ವನ ಬೆರಳು ನಾಲಿಗೆಯ ಮೇಲೇ ನಿಂತಿತು. "ಯಾಕ? ಗಂಡ ಸಿಕ್ಕನೇನ?"

"ಗಂಡ ಅಲ್ಲ. ಪ್ರಯೋಗಾಲಯಕ್ಕ ಬೇಕು. ಎಲ್ಲಾ ಕುಚ್ಚಿನ್ಯಾಗ ಒಂದೊಂದು ಚಿಟಿಕಿ ಕತ್ತರಸ್ತೀನಿ."

"ಮದಿವಿಕಿಂತ ಮೊದ್ಲ ದಿಂಬಿನ ನೂಲಿಗೆ ಕತ್ತರಿ ಹಾಕ್ತಾರೇನ? ಹಂಗ ಮಾಡಿದ್ರ..." ಅವಳು ಮಾತು ಮುಗಿಸಲಿಲ್ಲ. ಅಂಥ ಮಾತನ್ನು ಬಾಯಿಬಿಟ್ಟು ಆಡುವುದೂ ಅಪಶಕುನವೇ.

ಕಸ್ತೂರಿ ಕುಣಿಯ ಅಂಚಿನಲ್ಲಿ ಕೂತಳು. ನಾಲ್ಕು ವರ್ಷದವಳಿದ್ದಾಗ ಕೂರುತ್ತಿದ್ದ ಜಾಗ. "ಆರು ತಿಂಗಳು ಹಿಂದಿಂದ ನಿನ್ನ ಬಾಯಾಗ ಏನ ಇತ್ತು ಅಂತ ತೋರಿಸಿದ್ರ ಔಷಧಾ ಕೊಡ್ತಾರ. ಮುಂದಿನ ಆರು ತಿಂಗಳು ಕಾಯಾಕ ನನಗ ಧೈರ್ಯಾ ಇಲ್ಲ. ಹಿಂದಿಂದು ಅಲ್ಲಿ ನೇತ ಹಾಕೀಯಲ್ಲ ನೀನ."

ಸಕ್ರವ್ವ ಎದ್ದು, ಮಗ್ಗದ ಪಟ್ಟಿಯ ಮೇಲೆ ಕಾಲಿಟ್ಟು, ತಾನೇ ಅದನ್ನು ಬಿಚ್ಚಿ ಕೊಟ್ಟಳು.

"ಚಿಟಿಕಿ ಅಂದ್ರ ಚಿಟಿಕಿ. ಹಿಡಿ ಹಿಡಿ ಕತ್ತರಸಿ ನಿನ್ನ ಸರಗ ಕೊಡಬ್ಯಾಡ."

* * *

ಕುಚ್ಚುಗಳು ನೂರ ನಲವತ್ತೈದು. ಮೊದಲ ಐದನ್ನು ಕಸ್ತೂರಿ ಹಾಳು ಮಾಡಿದಳು. ಬಿಸಿನೀರು ಗಂಜಿಯನ್ನೂ ಪ್ರೋಟೀನನ್ನೂ ಒಟ್ಟಿಗೇ ಬೇಯಿಸಿಬಿಟ್ಟಿತು. ಅದೃಷ್ಟಕ್ಕೆ ಅವುಗಳಲ್ಲಿ ಇನ್ನಷ್ಟು ನೂಲಿತ್ತು. ಆರನೆಯದಕ್ಕೆ ತಣ್ಣನೆಯ ಉಪ್ಪುನೀರು ಬಳಸಿ, ಗಂಜಿಯನ್ನು ಕರಗಿಸುವ ಕಿಣ್ವ ಹಾಕಿ, ಒಂದು ದಿನ ಬಿಟ್ಟಳು. ಸಡಿಲಿ ಬಂತು. ಕ್ಷೀಣವಾಗಿ, ಆದರೆ ಸ್ಪಷ್ಟವಾಗಿ.

ಕಟಗೇರಿ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. "ಛಲೋ ಆತು," ಎಂದರು. "ಆದ್ರ ಇದು ಯಾರ ಉಗುಳು? ಬಾಜೂ ಮನಿಯಾಕಿ ಬಂದು ಕೆಚ್ಚಿ ಹೋಗಿದ್ರ?"

ಅದೂ ನ್ಯಾಯವಾದ ಪ್ರಶ್ನೆಯೇ. ಉಗುಳಿನ ಜೊತೆ ಉದುರಿದ ಕೋಶಗಳ ಡಿಎನ್‌ಎಯನ್ನು ಕುಚ್ಚು ಕುಚ್ಚಿನಲ್ಲೂ ಓದಿದರು. ನೂರ ನಲವತ್ತನಾಲ್ಕು ಒಬ್ಬಳೇ ಹೆಂಗಸಿನವು. ಎಲ್ಲಕ್ಕಿಂತ ಹಳೆಯದು ಮಾತ್ರ ಬೇರೆಯವರದು.

"ಇದ್ಯಾರ್ದು?"

ಕಸ್ತೂರಿ ದೊಡ್ಡವ್ವನ ಸಾಲನ್ನೂ ಈ ಸಾಲನ್ನೂ ಹೋಲಿಸಿ ನೋಡಿದಳು. ಧಾರವಾಡಕ್ಕೆ ಹೊರಡುವ ಹಿಂದಿನ ತಿಂಗಳು ದೊಡ್ಡವ್ವನಿಗೆ ಚಳಿಜ್ವರ ಬಂದು, ಒಂದು ಹಾಸನ್ನು ತಾನೇ ಪೂರ್ತಿ ಕೆಚ್ಚಿದ್ದು ನೆನಪಾಯಿತು. "ನಂದ ಸರ್," ಎಂದಳು. ಹದಿನೆಂಟು ವರ್ಷದ ಅವಳ ಬಾಯಲ್ಲಿ ಸಡಿಲಿ ಮೂರಿತ್ತು, ಇಂದಿನ ಅವಳ ಉಗುಳಿನಲ್ಲಿರುವಷ್ಟೇ. ಹನ್ನೆರಡು ವರ್ಷ ಗಂಜಿಯೊಳಗೆ ಕೂತೂ ಮೂರು ಮೂರಾಗಿಯೇ ಉಳಿದಿತ್ತು. ಪದ್ಧತಿ ಸರಿಯಿದೆ ಎನ್ನಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ.

ಅಂಕಿಗಳನ್ನು ರೇಖೆಯಾಗಿ ಎಳೆದಾಗ ದೊಡ್ಡವ್ವನ ಬಾಯಿಯ ಹನ್ನೆರಡು ವರ್ಷ ಪರದೆಯ ಮೇಲೆ ಬಂತು. ಮೊದಲ ಎಂಟೊಂಬತ್ತು ವರ್ಷ ಏರುತ್ತಿತ್ತು, ಇಳಿಯುತ್ತಿತ್ತು. ಮೂರು ವರ್ಷದ ಹಿಂದೆ ಏರಿದ್ದು ಇಳಿಯುವುದನ್ನು ಬಿಟ್ಟಿತು. ಕಳೆದ ಆರು ತಿಂಗಳಿರಲಿ, ಇಪ್ಪತ್ತು ತಿಂಗಳಿಂದ ರೇಖೆ ನಲವತ್ತರ ಕೆಳಗೆ ಬಂದೇ ಇರಲಿಲ್ಲ.

"ನಿಯಮ ಪೂರೈಸೇತಿ," ಎಂದರು ಕಟಗೇರಿ. ಆದರೆ ಅವರ ಬೆರಳು ಬೇರೆ ಜಾಗದಲ್ಲಿತ್ತು. "ಇಲ್ಲಿ ಏನಾಗೇತಿ?"

ಎರಡು ವರ್ಷದ ಹಿಂದೆ, ಆ ಎತ್ತರದ ನಡುವೆ, ರೇಖೆ ಬಾವಿಗೆ ಬಿದ್ದಂತೆ ಬಿದ್ದಿತ್ತು. ಮೂವತ್ತೆಂಟು, ಇಪ್ಪತ್ತೆರಡು, ಹದಿಮೂರು, ಒಂಬತ್ತು. ನಾಲ್ಕು ಕುಚ್ಚುಗಳು. ಐದನೆಯದರಲ್ಲಿ ಮತ್ತೆ ಏರಿತ್ತು.

ಕಸ್ತೂರಿ ಹಳದಿ ಗಂಟಿನಿಂದ ಎಣಿಸಿ ತಿಂಗಳು ಗುರುತಿಸಿಕೊಂಡು, ಅಲ್ಲಿಂದಲೇ ಫೋನು ಹಚ್ಚಿದಳು. ಕಟಗೇರಿಯವರಿಗೂ ಕೇಳಲಿ ಎಂದು ಧ್ವನಿ ದೊಡ್ಡದು ಮಾಡಿದಳು.

"ದೊಡ್ಡವ್ವ, ಹಿಂದಿನ ಹಿಂದಿನ ವರ್ಷ, ನಾಗರ ಪಂಚಮಿಯಿಂದ ದೀಪಾವಳಿ ತನಕಾ ಏನ ಮಾಡಿದ್ದಿ? ತಂಬಾಕ ಬಿಟ್ಟಿದ್ದೇನ?"

ಆ ಕಡೆ ಲಾಳಿಯ ಸದ್ದು ನಿಂತಿತು. "ನಿನಗ ಯಾರ ಹೇಳಿದ್ರು?"

"ನೂಲ ಹೇಳ್ತು."

"ಹೌದ ಬಿಟ್ಟಿದ್ದೆ. ನಿನ್ನ ಅದೇನೋ ದೊಡ್ಡ ಪರೀಕ್ಷಾ ಇತ್ತಲ್ಲ, ಡಾಕ್ಟರ ಆಗೂದು. ಅನ್ನಾ ಬಿಟ್ಟಿದ್ದಿ, ಫೋನ ಮಾಡಿದ್ರ ಅಳತಿದ್ದಿ. ಬನಶಂಕರಿಗೆ ಬೇಡಿಕೊಂಡೆ. ಆಕಿ ಪಾಸ ಆಗೂ ತನಕಾ ತಂಬಾಕ ಮುಟ್ಟಂಗಿಲ್ಲ ಅಂತ."

"ಮತ್ತ ಕೆಚ್ಚ? ಬಾಯಿ ಒಣಗಲಿಲ್ಲೇನ?"

"ಒಣ ನೆಲ್ಲಿ ಚೂರ ಇಟ್ಕೋತಿದ್ದೆ ದವಡ್ಯಾಗ. ನೀರ ಬರ್ತಿತ್ತು, ಆದ್ರ ತಂಬಾಕಿನ ರುಚಿ ಎಲ್ಲಿ ಬರಬೇಕು. ನೀ ಪಾಸಾದಿ, ಹರಕಿ ಮುಗೀತು. ಆ ದಿನಾನ ತಂಬಾಕಿನ ಚಂಚಿ ತಗದೆ." ಆಮೇಲೆ ಕೇಳಿದಳು, "ಯಾಕ, ಅದೂ ತಪ್ಪಾತೇನ?"

ಕಟಗೇರಿ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

"ತಪ್ಪಲ್ಲ ಬಾಯಾರ," ಎಂದರು ಫೋನಿನ ಹತ್ತಿರ ಬಾಗಿ. "ನಾ ಕಸ್ತೂರಿ ಸರ್ ಮಾತಾಡೂದು. ನಿಮ್ಮ ಬಾಯಿ ಇನ್ನೂ ಮಾತ ಕೇಳತೈತಿ ಅಂತ ತೋರಿಸೀರಿ ನೀವು. ನಮಗ ಅದ ಗೊತ್ತಿರಲಿಲ್ಲ."

ಅವರು ಹೇಳಿದ್ದು ನಿಜವಾಗಿತ್ತು. ಸಡಿಲಿ ಅಷ್ಟು ವರ್ಷ ಏರಿಯೇ ಇದ್ದರೆ ಕೋಶಗಳು 'ಸಾಕು' ಎನ್ನುವ ಮಾತನ್ನು ಕೇಳುವ ಶಕ್ತಿಯನ್ನೇ ಕಳೆದುಕೊಂಡಿರುತ್ತವೆ, ಆಮೇಲೆ ಪದರವೂ ವ್ಯರ್ಥ ಎಂದು ಪ್ರಯೋಗಾಲಯದಲ್ಲಿ ಎಲ್ಲರೂ ನಂಬಿದ್ದರು. ಹತ್ತು ವರ್ಷಕ್ಕಿಂತ ಹೆಚ್ಚು ತಂಬಾಕು ತಿಂದವರನ್ನು ಪ್ರಯೋಗಕ್ಕೆ ಸೇರಿಸುವುದನ್ನೇ ನಿಲ್ಲಿಸುವ ಯೋಚನೆ ಇತ್ತು. ಒಬ್ಬಳು ಹೆಂಗಸು ಯಾರಿಗೂ ಹೇಳದೆ 'ಸಾಕು' ಎಂದಾಗ ಆ ಕೂಲಿ ಆಳು ಮನೆಗೆ ಹೊರಟಿದ್ದ. ಅರ್ಧ ದಾರಿಗೆ ಬಂದವನನ್ನು ಮತ್ತೆ ಕೆಲಸಕ್ಕೆ ಕರೆದದ್ದೂ ಅವಳೇ, ಗೊತ್ತಿಲ್ಲದೆ.

* * *

ಪದರ ಇಳಕಲ್ಲಿಗೆ ಬಂತು. ಮೊದಲು ಕೆನ್ನೆಯ ಚೂರು ತೆಗೆದ ಜಾಗ ಮಾಯುವ ತನಕ ಕಾದರು. ಆಮೇಲೆ ದಿನ ಬೆಳಗ್ಗೆ ರೊಟ್ಟಿ ತಿಂದ ನಂತರ, ಸಕ್ರವ್ವ ಕನ್ನಡಿಯ ಮುಂದೆ ಕೆನ್ನೆ ಎಳೆದುಕೊಂಡು ಅದನ್ನು ಅಂಟಿಸಿಕೊಳ್ಳತೊಡಗಿದಳು. ಅದು ಕರಗುವ ಎರಡು ಗಂಟೆ ಮಾತಾಡುವಂತಿರಲಿಲ್ಲ. ಓಣಿಯವರಿಗೆ ಅದೊಂದು ತಮಾಷೆಯಾಯಿತು. ಬಾಗಿಲಲ್ಲಿ ನಿಂತು ಬೇಕೆಂದೇ ಪ್ರಶ್ನೆ ಕೇಳಿ ಹೋಗುವವರು ಹೆಚ್ಚಾದರು. "ಹತ್ತ ಗಂಟಿ ಆಗ್ಲಿ, ನೋಡ್ಕೋತೀನಿ," ಎಂದು ಸಕ್ರವ್ವ ಕೈಸನ್ನೆ ಮಾಡುತ್ತಿದ್ದಳು.

ತಂಬಾಕು ಬಿಡದೆ ಪದರ ಕೆಲಸ ಮಾಡುವುದಿಲ್ಲ ಎಂದು ಕಸ್ತೂರಿ ಮೊದಲೇ ಹೇಳಿದ್ದಳು. ಈ ಸಲ ಹರಕೆ ಯಾರಿಗೆ ಎಂದು ಹಸೀನಾ ಕೇಳಿದಾಗ ಸಕ್ರವ್ವ ಅಂದಳಂತೆ, "ನನಗ. ನಾ ಏನ ದೇವ್ರಿಗಿಂತ ಕಡಿಮಿ ಕೆಲಸಾ ಮಾಡೇನೇನ."

ಹಸೀನಾಳ ಕೆಲಸವೂ ಬದಲಾಯಿತು. ಅವಳು ಈಗ ನಳಿಗೆ ಹಿಡಿದು ಹೋಗುತ್ತಿರಲಿಲ್ಲ, ಸಣ್ಣ ಕತ್ತರಿ ಹಿಡಿದು ಹೋಗುತ್ತಿದ್ದಳು. ಉಗುಳು ಕೊಡಲು ನಾಚುತ್ತಿದ್ದವರು ಕುಚ್ಚಿನ ದಾರವನ್ನು ತಾವಾಗಿ ಬಿಚ್ಚಿ ಕೊಟ್ಟರು, ಒಳ್ಳೆಯ ಬಣ್ಣದ್ದು ಯಾವುದೆಂದು ತೋರಿಸಿಯೂ ಕೊಟ್ಟರು. ಅರವತ್ತೊಂದು ಮನೆಯ ದಾರಗಳು ಧಾರವಾಡಕ್ಕೆ ಹೋದವು. ಒಂಬತ್ತು ಮಂದಿಗೆ ಪದರ ಸಿಕ್ಕಿತು. ಇಬ್ಬರಲ್ಲಿ ಕೋಶಗಳು ಆಗಲೇ ನೆಲ ದಾಟಿದ್ದವು. ಅವರನ್ನು ಶಸ್ತ್ರಚಿಕಿತ್ಸೆಗೆ ಕಳಿಸಬೇಕಾಯಿತು. ಒಬ್ಬಳು ಈಗ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ತಿನ್ನುತ್ತಾಳೆ, ಆದರೆ ತಿನ್ನುತ್ತಾಳೆ. ಓಣಿಯ ಅಂಗಡಿಯಲ್ಲಿ ಒಣ ನೆಲ್ಲಿ ಚೂರಿನ ಡಬ್ಬಿ ತಂಬಾಕಿನ ಡಬ್ಬಿಯ ಪಕ್ಕಕ್ಕೆ ಬಂತು. ತಂಬಾಕಿನದು ಹೋಗಿಲ್ಲ. ಸ್ವಲ್ಪ ಹಿಂದಕ್ಕೆ ಸರಿದಿದೆ.

ಯುಗಾದಿಯ ಮರುದಿನ ಕಸ್ತೂರಿ ಊರಿಗೆ ಬಂದಳು. ದೊಡ್ಡವ್ವ ಬಾಯಿ ತೆರೆದು ತೋರಿಸಿದಳು, ಈ ಸಲ ಕೇಳದೆಯೇ. ಕೆನೆಯಂಥ ಬಿಳುಪು ಇರಲಿಲ್ಲ. ಅದರ ಜಾಗದಲ್ಲಿ ಹಳೆಯ ಸುಟ್ಟಗಾಯದ ಕಲೆಯಂಥ ಮಸುಕು, ಅಂಚಿನ ಕೆಂಪು ಹೋಗಿತ್ತು. ಬಾಗಲಕೋಟೆಯ ಎರಡನೆಯ ವರದಿ ಕೋಶಗಳ ಸಾಲು ಬಹುಪಾಲು ನೆಟ್ಟಗಾಗಿದೆ ಎಂದಿತ್ತು. ಮೂರು ತಿಂಗಳಿಗೊಮ್ಮೆ ಇನ್ನೂ ನೋಡುತ್ತಿರಬೇಕು.

ಊಟಕ್ಕೆ ಕೂತರು. ಸಕ್ರವ್ವ ಖಡಕ್ ರೊಟ್ಟಿ ಮುರಿದು, ಶೇಂಗಾ ಚಟ್ನಿ ಹಚ್ಚಿ ಬಾಯಿಗಿಟ್ಟಳು. ಕಸ್ತೂರಿ ತಟ್ಟೆಯ ಮೇಲಿನಿಂದಲೇ ನೋಡಿದಳು. ಎಡಗಡೆಯ ದವಡೆ ಆಡುತ್ತಿತ್ತು.

"ಏನ ನೋಡ್ತೀ? ಉಣ್ಣು."

ಊಟವಾದ ಮೇಲೆ ಸಕ್ರವ್ವ ಟ್ರಂಕಿನಿಂದ ಒಂದು ದಿಂಬನ್ನು ತೆಗೆದು ಕಸ್ತೂರಿಯ ಮಡಿಲಿಗೆ ಹಾಕಿದಳು. ಕುಂಕುಮ ಬಣ್ಣದ ಗವಸು, ಒಳಗೆ ನೂಲಿನ ಮೆತ್ತನೆ. ಕಸ್ತೂರಿ ಅದನ್ನು ಒತ್ತಿ ನೋಡಿದಳು, ಆಮೇಲೆ ದೊಡ್ಡವ್ವನ ಮುಖ ನೋಡಿದಳು.

"ಮದಿವಿ ಇಲ್ಲಲ್ಲ ದೊಡ್ಡವ್ವ."

"ಇಲ್ಲ. ಗೊತ್ತೈತಿ." ಸಕ್ರವ್ವ ನೆಲ್ಲಿ ಚೂರೊಂದನ್ನು ದವಡೆಗೆ ಸೇರಿಸಿಕೊಂಡು ಮಗ್ಗದ ಕಡೆ ನಡೆದಳು. "ನೀ ಚಿಟಿಕಿ ಚಿಟಿಕಿ ಅಂತ ಕತ್ತರಸಿ ಅದು ಸಣ್ಣದಾಗೇತಿ. ಇಬ್ಬರಿಗೆ ಸಾಲಂಗಿಲ್ಲ. ಒಬ್ಬಾಕಿಗೆ ಸಾಕು."

ಕುಣಿಗೆ ಇಳಿದು ಕಾಲು ಚಾಚಿ ಕೂತಳು. ಮೇಲಿನ ಗೂಟದಲ್ಲಿ ಹೊಸ ದಾರ ಕಟ್ಟಿತ್ತು. ಅದರಲ್ಲಿ ಆರೇ ಕುಚ್ಚು.

"ಮತ್ತ ಇದು ಯಾರಿಗೆ?" ಎಂದಳು ಕಸ್ತೂರಿ.

"ನಿನ್ನ ಪೆಟಿಗಿಗೆ," ಎಂದಳು ಸಕ್ರವ್ವ, ಮತ್ತು ಬೆರಳ ತುದಿಯನ್ನು ನಾಲಿಗೆಗೆ ತಾಗಿಸಿಕೊಂಡಳು.